ಗ್ಯಾಸ್ ರೈಲು ಉರುಳಿದರೆ ನಾವೇನು ಮಾಡೋಕಾಗುತ್ತೆ?

ಕೈಗಾರಿಕಾ ಸುರಕ್ಷತೆ ನನ್ನ ಹೊಟ್ಟೆಪಾಡಿನ ಕೆಲಸ. ಅದಕ್ಕೇ ಇರಬೇಕು, ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಯಾರಾದರೊಬ್ಬರು ಕೇಳೇ ಕೇಳುತ್ತಾರೆ: "ನಮ್ಮೂರ ಗೇಟ್ ದಾಟಿ ಪೆಟ್ರೋಲು, ಗ್ಯಾಸು ತುಂಬಿದ ಗೂಡ್ಸ್ ಹೋಗುತ್ತಲ್ಲ, ಅದೇನಾದ್ರೂ ಉರುಳಿದರೆ ನಮ್ಮಂಥವರು ಏನು ಮಾಡೋಕಾಗುತ್ತೆ? ಅದೆಲ್ಲ ರೈಲ್ವೆಯವರ, ಎಕ್ಸ್‌ಪರ್ಟ್‌ಗಳ ಕೆಲಸ ಅಲ್ವಾ?"

ಅರ್ಧ ನಿಜ. ಬೆಂಕಿ ಆರಿಸೋದು, ಸೋರಿಕೆ ನಿಲ್ಲಿಸೋದು ನಮ್ಮ ಕೆಲಸವಲ್ಲ. ಹತ್ತಿರ ಸುಳಿಯಲೂಬಾರದು. ಆದರೆ ಎಕ್ಸ್‌ಪರ್ಟ್ ಅಂದರೆ ಹೊರಗಿನಿಂದ ಜೀಪಿನಲ್ಲಿ ಬಂದಿಳಿಯುವವರು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಮೊದಲ ಕೆಲವು ಗಂಟೆ ಬೇಕಾಗುವ ತಿಳಿವಳಿಕೆ ಬಹಳಷ್ಟು ಊರಲ್ಲೇ ಇರುತ್ತದೆ. ಅದನ್ನು ಯಾರೂ ಒಂದು ಕಡೆ ಕೂರಿಸಿರುವುದಿಲ್ಲ, ಅಷ್ಟೇ.

ಇದಕ್ಕೆ ನಾನು ಹೇಳುವ ಕತೆ ಅಮೆರಿಕದ ಒಹಾಯೋ ರಾಜ್ಯದ ಈಸ್ಟ್ ಪ್ಯಾಲೆಸ್ಟೀನ್ ಊರಿನದು. ಐದು ಸಾವಿರ ಜನವೂ ಇಲ್ಲದ ಊರು. 2023ರ ಫೆಬ್ರವರಿ 3ರ ರಾತ್ರಿ ನಾರ್ಫೋಕ್ ಸದರ್ನ್ ಕಂಪನಿಯ ಗೂಡ್ಸ್ ಅಲ್ಲಿ ಹಳಿ ತಪ್ಪಿತು. ಒಂದು ವ್ಯಾಗನ್ನಿನ ಬೇರಿಂಗ್ ಕಾದು ಕಾದು ಕೈಕೊಟ್ಟಿತ್ತು. 38 ವ್ಯಾಗನ್‌ಗಳು ಹಳಿಯಿಂದ ಆಚೆ ಬಿದ್ದವು. ಅವುಗಳಲ್ಲಿ 11ರಲ್ಲಿ ಅಪಾಯಕಾರಿ ಸರಕು. ಐದರಲ್ಲಿ ಇದ್ದದ್ದು ವಿನೈಲ್ ಕ್ಲೋರೈಡ್, ಪಿವಿಸಿ ಪೈಪು ತಯಾರಿಸಲು ಬಳಸುವ ರಾಸಾಯನಿಕ.

ಬೆಂಕಿ ನಂದಿಸಲು ಬಂದವರಲ್ಲಿ ಹೆಚ್ಚಿನವರು ಸ್ವಯಂಸೇವಕರು. ಉರಿಯುತ್ತಿರುವುದು ಏನು ಅಂತಲೇ ಅವರಿಗೆ ಗೊತ್ತಿಲ್ಲ. ಪ್ರತಿ ಟ್ಯಾಂಕರ್ ಮೇಲೂ ಒಳಗೆ ಏನಿದೆ ಎಂದು ಹೇಳುವ ಫಲಕ ಇರಬೇಕು, ಇತ್ತು ಕೂಡ. ಆದರೆ ಪ್ಲಾಸ್ಟಿಕ್ ಫಲಕ! ಬೆಂಕಿಗೆ ಅದೇ ಮೊದಲು ಸುಟ್ಟುಹೋಯಿತು. ಯಾವ ವ್ಯಾಗನ್ನಿನಲ್ಲಿ ಏನಿದೆ ಎನ್ನುವ ಪಟ್ಟಿ ರೈಲ್ವೆ ಕಂಪನಿಯ ಹತ್ತಿರ ಇತ್ತು. ಅದು ಇವರ ಕೈಗೆ ಬರುವಷ್ಟರಲ್ಲಿ ಒಂದು ಗಂಟೆಗಿಂತ ಜಾಸ್ತಿ ಹೊತ್ತಾಗಿತ್ತು.

ನನ್ನನ್ನು ಹೆಚ್ಚು ಕಾಡುವುದು ಮೂರನೇ ದಿನದ ಸಂಗತಿ. ಟ್ಯಾಂಕರ್ ಒಳಗೆ ರಾಸಾಯನಿಕ ತಾನಾಗಿ ಬಿಸಿಯೇರುತ್ತಿದೆ, ಸ್ಫೋಟ ಆಗಬಹುದು, ತೂತು ಕೊರೆದು ಹೊರಗೆ ಹರಿಸಿ ಸುಟ್ಟುಬಿಡೋಣ ಎಂದು ರೈಲ್ವೆ ಕಂಪನಿ ಕರೆಸಿದ್ದ ಗುತ್ತಿಗೆದಾರರು ಹೇಳಿದರು. ತೀರ್ಮಾನ ಹೇಳಬೇಕಾದವನು ಊರಿನ ಅಗ್ನಿಶಾಮಕ ಮುಖ್ಯಸ್ಥ. ತನಗೆ ಕೊಟ್ಟಿದ್ದು 13 ನಿಮಿಷ ಎಂದು ಆತ ಆಮೇಲೆ ವಿಚಾರಣೆಯಲ್ಲಿ ಹೇಳಿದ. ಫೆಬ್ರವರಿ 6ರಂದು ಸುಟ್ಟರು. ಊರ ಮೇಲೆ ಕಪ್ಪು ಮೋಡ ಎದ್ದ ಚಿತ್ರವನ್ನು ನೀವೂ ನೋಡಿರುತ್ತೀರಿ.

ಆ ವಿನೈಲ್ ಕ್ಲೋರೈಡ್ ತಯಾರಿಸಿದ ಕಂಪನಿಯ ರಸಾಯನ ತಜ್ಞರು ಅಷ್ಟರಲ್ಲಾಗಲೇ, ನೀವು ಹೆದರಿರುವ ಕ್ರಿಯೆ ಟ್ಯಾಂಕರ್ ಒಳಗೆ ನಡೆಯುತ್ತಿದೆ ಅಂತ ನಮಗೆ ಅನಿಸುವುದಿಲ್ಲ ಎಂದಿದ್ದರು. ಆ ಮಾತು ತೀರ್ಮಾನ ತೆಗೆದುಕೊಳ್ಳುವವನ ಕಿವಿಗೆ ಬೀಳಲೇ ಇಲ್ಲ. ಸುಡುವ ಅಗತ್ಯವೇ ಇರಲಿಲ್ಲ ಎಂದು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2024ರಲ್ಲಿ ಹೇಳಿತು. ತಜ್ಞರಿಗೆ ಅಲ್ಲಿ ಬರವಿರಲಿಲ್ಲ. ಮುಖ್ಯಸ್ಥನ ಪಕ್ಕದಲ್ಲಿ ಊರಿನ ಒಬ್ಬ ಕೆಮಿಸ್ಟ್ರಿ ಮೇಷ್ಟ್ರು ಕೂತಿದ್ದರೂ "ಇದನ್ನು ತಯಾರಿಸಿದವರು ಏನಂತಾರೆ? ಅವರಿಗೆ ಫೋನ್ ಹಾಕಿ" ಅಂತ ಕೇಳುತ್ತಿದ್ದರೇನೋ. ನನ್ನ ಪಾಲಿಗೆ ಊರಿನ ಪರಿಣತಿ ಅಂದರೆ ಅಂಥ ಪ್ರಶ್ನೆ ಕೇಳುವ ಬುದ್ಧಿ, ಕೇಳುವ ಧೈರ್ಯ.

ಒಳ್ಳೆಯ ಉದಾಹರಣೆಯೂ ಇದೆ. 1979ರ ನವೆಂಬರ್ 10ರ ರಾತ್ರಿ ಕೆನಡಾದ ಮಿಸಿಸಾಗಾದಲ್ಲಿ 106 ವ್ಯಾಗನ್ನಿನ ರೈಲು ಉರುಳಿತು. ಅಲ್ಲೂ ಕಾದ ಬೇರಿಂಗೇ ಕಾರಣ. ಪ್ರೊಪೇನ್ ಟ್ಯಾಂಕರ್‌ಗಳು ಸಿಡಿದವು, ಪಕ್ಕದಲ್ಲೇ ಕ್ಲೋರಿನ್ ಟ್ಯಾಂಕರ್ ಸೋರುತ್ತಿತ್ತು. ಎರಡು ಲಕ್ಷಕ್ಕೂ ಹೆಚ್ಚು ಜನರನ್ನು, ಆಸ್ಪತ್ರೆಯ ರೋಗಿಗಳ ಸಮೇತ, ಊರು ಬಿಡಿಸಿದರು. ಒಬ್ಬರೂ ಸಾಯಲಿಲ್ಲ. ಪೊಲೀಸರ ಹತ್ತಿರ ವಿಪತ್ತಿನ ಯೋಜನೆ ಮೊದಲೇ ತಯಾರಿತ್ತು. ಮೇಯರ್ ಹೇಜಲ್ ಮೆಕ್ಯಾಲಿಯನ್ ಕಾಲು ಉಳುಕಿಸಿಕೊಂಡೂ ಕುಂಟುತ್ತಲೇ ಓಡಾಡಿದ್ದು ಅಲ್ಲಿ ಈಗಲೂ ದಂತಕತೆ.

"ಅದೆಲ್ಲ ಫಾರಿನ್ನು, ನಮ್ಮಲ್ಲಿ ಎಲ್ಲಿ?" ಎನ್ನುವವರಿಗೆ ಒಂದು ವಿಷಯ ಹೇಳಬೇಕು. ಅಮೆರಿಕದಲ್ಲಿ ಊರೂರಿಗೆ ತುರ್ತು ಯೋಜನಾ ಸಮಿತಿ ಇರಬೇಕೆಂಬ ಕಾನೂನು ಬಂದದ್ದು 1986ರಲ್ಲಿ. ಅದಕ್ಕೆ ದೊಡ್ಡ ಕಾರಣ 1984ರ ನಮ್ಮ ಭೋಪಾಲ್. ನಮ್ಮ ದೇಶದಲ್ಲೂ 1996ರಲ್ಲಿ ರಾಸಾಯನಿಕ ಅಪಘಾತಗಳ ನಿಯಮ ಬಂತು. ಕೇಂದ್ರ, ರಾಜ್ಯ, ಜಿಲ್ಲೆ, ಸ್ಥಳೀಯ ಎಂದು ನಾಲ್ಕು ಹಂತದ ಬಿಕ್ಕಟ್ಟು ನಿರ್ವಹಣಾ ಗುಂಪುಗಳು ಇರಬೇಕು ಎಂದಿದೆ. ಸ್ಥಳೀಯ ಗುಂಪಿನಲ್ಲಿ ಯಾರಿರಬೇಕು ಗೊತ್ತಾ? ಅಧಿಕಾರಿಗಳ ಜೊತೆಗೆ ರಾಸಾಯನಿಕ ಸಾಗಿಸುವವರು, ಊರಿನ ಡಾಕ್ಟರು, ಪಂಚಾಯಿತಿ ಮುಖಂಡರು, ಸಮಾಜಸೇವಕರು, ಸ್ಥಳೀಯ ಪತ್ರಿಕೆಯ ಸಂಪಾದಕರು ಕೂಡ. ಕಾಗದದ ಮೇಲೆ ಇಷ್ಟು ಚೆನ್ನಾಗಿರುವ ಪಟ್ಟಿ ನಾನು ಜಾಸ್ತಿ ನೋಡಿಲ್ಲ.

ಕೊರತೆ ಇರುವುದು ಇನ್ನೊಂದು ಕಡೆ. ಸ್ಥಳೀಯ ಗುಂಪು ಬರುವುದು ಕಾರ್ಖಾನೆಗಳಿರುವ ಪ್ರದೇಶಕ್ಕೆ. ರೈಲಿಗೆ ಅದು ಗೊತ್ತಾ? ಮಂಗಳೂರಿನ ಪಣಂಬೂರಿಗೋ ಬೆಂಗಳೂರಿನ ಹತ್ತಿರದ ದೇವನಗೊಂದಿಯ ತೈಲ ಡಿಪೋಗಳ ಸುತ್ತಮುತ್ತಲಿಗೋ ಇಂಥ ಗುಂಪು ಬೇಕು ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಅಲ್ಲಿಗೆ ಹೋಗುವ ಟ್ಯಾಂಕರ್‌ಗಳು ದಾಟುವ, ಒಂದು ಅಕ್ಕಿ ಗಿರಣಿ ಬಿಟ್ಟರೆ ಬೇರೆ ಕಾರ್ಖಾನೆ ಇಲ್ಲದ ಊರುಗಳನ್ನು ಯಾರೂ ಲೆಕ್ಕಕ್ಕೆ ತಗೊಳ್ಳೋದಿಲ್ಲ. 2025ರ ಜುಲೈ 13ರ ಬೆಳಗಿನ ಜಾವ ತಮಿಳುನಾಡಿನ ತಿರುವಳ್ಳೂರಿನ ಹತ್ತಿರ ಡೀಸೆಲ್ ರೈಲು ಹಳಿ ತಪ್ಪಿ ಹೊತ್ತಿಕೊಂಡಿತಲ್ಲ, ಬೆಂಗಳೂರು–ಚೆನ್ನೈ ರೈಲುಗಳು ರದ್ದಾಗಿ ನಮ್ಮವರೆಲ್ಲ ಸ್ಟೇಷನ್ನಿನಲ್ಲಿ ಪರದಾಡಿದ್ದು ನೆನಪಿರಬೇಕು. ಹಳಿ ಪಕ್ಕದ ಮನೆಯವರು ಅವಸರದಲ್ಲಿ ಮನೆ ಬಿಡಬೇಕಾಯಿತು. ಪುಣ್ಯಕ್ಕೆ ಜೀವ ಹೋಗಲಿಲ್ಲ.

ಹಾಗಾದರೆ ಹಳಿ ಪಕ್ಕದ ಊರಿನಲ್ಲಿ ಯಾರನ್ನು ಕೂರಿಸಬೇಕು? ನಾನಾದರೆ ಮೊದಲು ಹುಡುಕುವುದು ರಿಟೈರ್ ಆದ ಲೋಕೋ ಪೈಲಟನ್ನೋ ಗ್ಯಾಂಗ್‌ಮನ್ನನ್ನೋ. ಹಳಿಯ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಹರಿಯುತ್ತದೆ, ಕರೆಂಟ್ ತೆಗೆದಿದ್ದಾರೆ ಎಂದು ಖಾತ್ರಿಯಾಗುವ ತನಕ ನೀರು ಹೊಡೆಯಬೇಡಿ ಎಂದು ಉತ್ಸಾಹಿ ಹುಡುಗರನ್ನು ತಡೆಯುವವನು ಅವನು. ಕರೆಂಟ್ ತೆಗೆಸಲು ಯಾರಿಗೆ ಹೇಳಬೇಕು ಅನ್ನೋದೂ ಅವನಿಗೆ ಬಾಯಿಪಾಠ.

ಆಮೇಲೆ ಪಿಯು ಕಾಲೇಜಿನ ಕೆಮಿಸ್ಟ್ರಿ ಮೇಡಂ. ಟ್ಯಾಂಕರ್ ಮೇಲೆ ನಾಲ್ಕಂಕಿಯ ಒಂದು ನಂಬರ್ ಇರುತ್ತದೆ. 1075 ಅಂದರೆ ಎಲ್‌ಪಿಜಿ, 1203 ಪೆಟ್ರೋಲ್, 1202 ಡೀಸೆಲ್, 1017 ಕ್ಲೋರಿನ್, 1005 ಅಮೋನಿಯಾ. ಇಡೀ ಪಟ್ಟಿ ಬೇಡ, ನಮ್ಮ ಹಳಿಯಲ್ಲಿ ಓಡಾಡುವ ನಾಲ್ಕೈದು ಸಾಕು. ಎಲ್‌ಪಿಜಿ, ಕ್ಲೋರಿನ್ ಗಾಳಿಗಿಂತ ಭಾರ. ತಗ್ಗಿಗೆ, ಚರಂಡಿಗೆ ಇಳಿದು ಕೂರುತ್ತವೆ. ಆದ್ದರಿಂದ ಹಳ್ಳದ ಕಡೆ ಓಡಬಾರದು. ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ ಸರಿದು, ಗಾಳಿ ಎತ್ತಲಿಂದ ಬರುತ್ತಿದೆಯೋ ಅತ್ತ ಹೋಗಬೇಕು. ಗಾಳಿಯ ವಿಷಯದಲ್ಲಿ ಕರಾವಳಿಯವರಾದರೆ ಮೀನುಗಾರರನ್ನು ಕೇಳಿ: ಹಗಲು ಕಡಲಿನಿಂದ, ರಾತ್ರಿ ನೆಲದಿಂದ. ಹಗಲಿಗೆ ಸರಿಯಾದ ದಾರಿ ರಾತ್ರಿಗೆ ತಪ್ಪಾಗಬಹುದು.

ಚರಂಡಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಬಲ್ಲ ವಾಟರ್‌ಮನ್ ಬೇಕು. 2013ರ ಜುಲೈನಲ್ಲಿ ಕೆನಡಾದ ಲಾಕ್ ಮೆಗಾಂಟಿಕ್‌ನಲ್ಲಿ ರೈಲು ಉರುಳಿ 47 ಜನರ ಜೀವ ತೆಗೆದ ಕಚ್ಚಾತೈಲ ಮಳೆನೀರಿನ ಚರಂಡಿಗೂ ನುಗ್ಗಿತ್ತು. ಇನ್ನು ಆಶಾ ಕಾರ್ಯಕರ್ತೆ. ಯಾವ ಮನೆಯಲ್ಲಿ ಬಾಣಂತಿ, ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜ, ಇದು ಯಾವ ಕಂಟ್ರೋಲ್ ರೂಮಿಗೂ ಗೊತ್ತಿರೋದಿಲ್ಲ. ನನ್ನ ಕೇಳಿದರೆ ಆ ಸಭೆಯ ಅಧ್ಯಕ್ಷತೆ ಅವರಿಗೇ ಕೊಡಬೇಕು.

"ಯಾವ ರೈಲಿನಲ್ಲಿ ಏನಿದೆ ಅಂತ ಊರಿಗೆಲ್ಲ ಹೇಳಿದರೆ ಕಿಡಿಗೇಡಿಗಳಿಗೂ ಗೊತ್ತಾಗಲ್ವಾ?" ಎಂಬ ಪ್ರಶ್ನೆಯೂ ಬರುತ್ತದೆ. ನ್ಯಾಯವಾದ ಪ್ರಶ್ನೆ. ದಿನದ ವೇಳಾಪಟ್ಟಿ ನಮಗೆ ಬೇಡ. ಯಾವ ಯಾವ ಸರಕು ಈ ದಾರಿಯಲ್ಲಿ ಹೋಗುತ್ತದೆ, ಅವಘಡವಾದರೆ ವ್ಯಾಗನ್ ಪಟ್ಟಿಯನ್ನು ಯಾರು, ಎಷ್ಟು ನಿಮಿಷದಲ್ಲಿ, ಯಾರ ಫೋನಿಗೆ ಕಳಿಸುತ್ತಾರೆ, ಇಷ್ಟು ಗೊತ್ತಾದರೆ ಸಾಕು. ಈಸ್ಟ್ ಪ್ಯಾಲೆಸ್ಟೀನ್‌ನಲ್ಲಿ ಮೊದಲು ಎಡವಿದ್ದು ಇಲ್ಲೇ.

ಶುರು ಮಾಡೋದು ಕಷ್ಟವಲ್ಲ. ಸ್ಟೇಷನ್ ಮಾಸ್ಟರ್, ಅಗ್ನಿಶಾಮಕ ಠಾಣಾಧಿಕಾರಿ, ಪಿಡಿಒ ಇವರನ್ನೂ ಕರೆದು ಪಂಚಾಯಿತಿ ಹಾಲಿನಲ್ಲಿ ಒಂದು ಸಂಜೆ ಕೂರಿ. ಭಾಷಣ ಬೇಡ. ರಾತ್ರಿ ಎರಡು ಗಂಟೆ, ಗೇಟಿನ ಹತ್ತಿರ ವ್ಯಾಗನ್ ಸೋರುತ್ತಿದೆ, ಊರಲ್ಲಿ ಕರೆಂಟಿಲ್ಲ ಅಂದುಕೊಂಡು, ಮೊದಲ ಅರ್ಧ ಗಂಟೆಯಲ್ಲಿ ನಾನೇನು ಮಾಡ್ತೀನಿ ಅಂತ ಒಬ್ಬೊಬ್ಬರೂ ಹೇಳಲಿ. ಶಾಲೆಯ ಬೀಗದ ಕೀ ಯಾರ ಹತ್ತಿರ ಇದೆ ಎಂಬಲ್ಲೇ ಮೊದಲ ಜಗಳ ಶುರುವಾದರೂ ಆಶ್ಚರ್ಯವಿಲ್ಲ. ಆಗಲಿ ಬಿಡಿ.

ಜೊತೆಗೆ ಡಿಸಿ ಕಚೇರಿಗೆ ಹೋಗಿ ಜಿಲ್ಲಾ ಬಿಕ್ಕಟ್ಟು ಗುಂಪಿನ ಹಿಂದಿನ ಸಭೆ ಯಾವತ್ತು ಆಯ್ತು ಅಂತ ಕೇಳಿ. ನಿಯಮದ ಪ್ರಕಾರ 45 ದಿನಕ್ಕೊಮ್ಮೆ ಸೇರಬೇಕು. ಬಾಯಿಮಾತಿಗೆ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಶುಲ್ಕ 10 ರೂಪಾಯಿ.