ಒಂದೇ ಬಾನೆಟ್, ಮೂರು ಸಲ ಪಾಲಿಶ್

ಕಪ್ಪು ಕಾರು ಶೆಡ್ಡಿಗೆ ಬಂತು ಅಂದರೆ ಕಾರು ತೊಳೆದು ಪಾಲಿಶ್ ಹೊಡೆಯುವ ಡೀಟೇಲಿಂಗ್ ಹುಡುಗರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಬಿಳಿ ಕಾರಿನಲ್ಲಿ ಅಡಗಿಕೊಳ್ಳುವ ತಪ್ಪೆಲ್ಲ ಕಪ್ಪಿನ ಮೇಲೆ ಎದ್ದು ಕಾಣುತ್ತದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಂಥದ್ದೇ ಒಂದು ಕಾರಿನ ಬಾನೆಟ್ಟಿಗೆ ಮೂರು ಸಲ ಪಾಲಿಶ್ ಹೊಡೆದೆ. ಪ್ರತಿ ಸಲ ಟಾರ್ಚ್ ಬಿಟ್ಟಾಗಲೂ ಅವೇ ಕೂದಲೆಳೆ ಗೀರುಗಳು. ಪ್ಯಾಡ್ ಬದಲಾಯಿಸಿದೆ, ಮೆಷಿನ್ ಸ್ಪೀಡ್ ಇಳಿಸಿದೆ. ಊಹೂಂ. ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಇರುವುದೇ ಸುಮಾರು 40-50 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ಉಜ್ಜುತ್ತಲೇ ಇದ್ದರೆ ಎಷ್ಟು ದಿನ ಬಂದೀತು?

ಹಿರಿಯ ಮೇಸ್ತ್ರಿಯೊಬ್ಬರು ಬಂದು ಟಾರ್ಚ್ ಇಸ್ಕೊಂಡರು. "ಪ್ಯಾಡ್ ಮಾಡಿದ ಗೀರು ಇಷ್ಟುದ್ದ ಬರ್ತದೇನಯ್ಯ?" ಅಂದರು. ಬಗ್ಗಿ ನೋಡಿದೆ. ಪ್ಯಾಡನ್ನು ತಿರುಗಿಸುತ್ತಲೇ ಅಲುಗಾಡಿಸುವ ನಮ್ಮ ಡಿಎ (ಡ್ಯುಯಲ್ ಆಕ್ಷನ್) ಮೆಷಿನ್ ತಪ್ಪು ಮಾಡಿದರೆ ಮಬ್ಬು ಬರುತ್ತದೆ, ಇಲ್ಲವೇ ಪುಟ್ಟ ಪುಟ್ಟ ಸುರುಳಿ. ಇವು ಒಂದೊಂದೂ ಗೇಣುದ್ದ, ಬಿಲ್ಲಿನ ಹಾಗೆ ಬಾಗಿದ್ದವು. ಫೆಂಡರ್ ಪಕ್ಕ ನಿಂತು ನಾನು ಬಟ್ಟೆ ಬೀಸಿದ ಹಾಗೇ!

ಕಾರಣ ನನ್ನ ಒರೆಸುವ ರೀತಿ. ಏಪ್ರಿಲ್ ಬಿಸಿಲು, ಮೇಲೆ ತಗಡಿನ ಶೀಟು. ಬಾನೆಟ್ ಬಿಸಿಗೆ ಪಾಲಿಶ್ ಹಪ್ಪಳದ ಹಾಗೆ ಒಣಗಿತ್ತು. ಅದು ಬರಲಿಲ್ಲ ಅಂತ ಬೆರಳು ಊರಿ ತಿಕ್ಕಿದ್ದೆ. ಆ ಪುಡಿಯಲ್ಲಿ ಉಜ್ಜುವ ಕಣವೂ ಇರುತ್ತದೆ, ಕಿತ್ತು ಬಂದ ಪೇಂಟೂ ಇರುತ್ತದೆ. ಸಾಲದ್ದಕ್ಕೆ ಇಡೀ ಕಾರಿಗೆ ಒಂದೇ ಬಟ್ಟೆ.

ಈಗ ಪ್ಯಾನೆಲ್ ತಣ್ಣಗಾದ ಮೇಲೇ ಮೆಷಿನ್ ಇಡುತ್ತೇನೆ. ಸ್ವಲ್ಪ ಜಾಗ ಮುಗಿದ ತಕ್ಷಣ ಒರೆಸಿಬಿಡುತ್ತೇನೆ. ಮೈಕ್ರೋಫೈಬರ್ ಬಟ್ಟೆಯನ್ನು ಎರಡು ಸಲ ಮಡಚಿದರೆ ಎಂಟು ಮುಖ ಸಿಗುತ್ತವೆ. ಮೊದಲ ಸಲ ಬಟ್ಟೆಯ ಭಾರ ಅಷ್ಟೇ ಸಾಕು, ಪುಡಿ ಎದ್ದು ಬರಲಿ. ಮುಖ ತಿರುಗಿಸಿ ಇನ್ನೊಂದು ಸಲ. ಜಿಡ್ಡು ಹಿಡಿದ ಮುಖವನ್ನು ಮತ್ತೆ ಪೇಂಟಿಗೆ ತಾಗಿಸುವುದಿಲ್ಲ. ಎಲ್ಲಾದರೂ ಒಣಗಿ ಅಂಟಿಕೊಂಡಿದ್ದರೆ ಪ್ಯಾಡಿಗೆ ಒಂದು ಹನಿ ಹೊಸ ಪಾಲಿಶ್ ಹಾಕಿ ಅದರ ಮೇಲೆ ಹಗುರಾಗಿ ಓಡಿಸಿದರೆ ಹಳೆಯದು ಮೆತ್ತಗಾಗುತ್ತದೆ. ತಿಕ್ಕುವುದಕ್ಕಿಂತ ಇದೇ ವಾಸಿ.

ಬಟ್ಟೆ ವಿಚಾರದಲ್ಲಿ ನಾನು ಜಿಪುಣ ಅಲ್ಲ. ಲೇಬಲ್ ಕಿತ್ತು ಹಾಕಿ, ಒಮ್ಮೆ ಒಗೆದೇ ಬಳಸುತ್ತೇನೆ. ಫ್ಯಾಬ್ರಿಕ್ ಕಂಡೀಷನರ್ ಮುಟ್ಟಿಸುವುದಿಲ್ಲ, ಎಳೆಗೆ ಜಿಡ್ಡು ಕೂರುತ್ತದೆ. ಹೊಸ ಬಟ್ಟೆ ಮೇಲೆ ಅನುಮಾನ ಇದ್ದರೆ ಹಳೇ ಸಿಡಿಯ ಹೊಳೆಯುವ ಬದಿಗೆ ಉಜ್ಜಿ ನೋಡುತ್ತೇನೆ. ಅಲ್ಲಿ ಗೀರು ಬಿದ್ದರೆ ಅದು ಪೇಂಟಿಗೆ ಬೇಡ. ನೆಲಕ್ಕೆ ಬಿದ್ದ ಬಟ್ಟೆ ಎಷ್ಟೇ ಚೆನ್ನಾಗಿರಲಿ, ಸೀದಾ ಟೈರ್ ಒರೆಸುವ ಬಟ್ಟೆಗಳ ಡಬ್ಬಕ್ಕೆ.

ಇನ್ನೊಂದು ಮೋಸ ಇದೆ. ಪಾಲಿಶ್‌ನ ಎಣ್ಣೆ ಸಣ್ಣ ಗೀರು ತುಂಬಿ ಮುಚ್ಚಿಬಿಡುತ್ತದೆ. ನೀರು ಬೆರೆಸಿದ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್, ಎಣ್ಣೆ ತೆಗೆಯುವ ದ್ರವ) ಸಿಂಪಡಿಸಿ ಒರೆಸಿದ ಮೇಲೇ ನಿಜ ಗೊತ್ತಾಗೋದು. ಅದನ್ನೂ ಮೆತ್ತಗೇ ಒರೆಸಬೇಕು, ಅಲ್ವಾ!

ಆ ಕಪ್ಪು ಕಾರನ್ನು ಕೊನೆಗೂ ಸರಿ ಮಾಡಿ ಕೊಟ್ಟೆವು. ಮಾಲೀಕರು ಖುಷಿಯಿಂದ ಕೀ ತೆಗೆದುಕೊಂಡರು. ಬಾನೆಟ್ ಮೇಲೆ ಒಂಚೂರು ಧೂಳು ಕಂಡಿತು. ಡ್ಯಾಶ್‌ಬೋರ್ಡ್‌ನಿಂದ ಒಣ ಹಳದಿ ಬಟ್ಟೆ ತೆಗೆದು, ನಮ್ಮೆದುರೇ ಒಂದು ಸುತ್ತು ಒರೆಸಿದರು. ಮೇಸ್ತ್ರಿ ಆಚೆ ತಿರುಗಿ ಟೀ ಹೇಳಿದರು.