ಹರಿದ ಸ್ಪೀಕರ್

ಗಿಟಾರಿನ ದನಿ ಹೆಚ್ಚಿಸುವ ಆಂಪ್‌ನ ಹಿಂಬದಿ ಬಿಚ್ಚಿ ಸಡಿಲವಾಗಿದ್ದ ವೈರ್ ಸರಿಮಾಡುತ್ತಿದ್ದೆ. ಸ್ಕ್ರೂಡ್ರೈವರ್ ಕೈಜಾರಿ ಸ್ಪೀಕರಿನ ಕೋನ್‌ಗೆ ಚುಚ್ಚಿತು. ಕಾಗದ ತಾನೇ, ಪರ್ರನೆ ಹೆಬ್ಬೆರಳುದ್ದ ಸೀಳಿತು. ಆಮೇಲೆ ಗಿಟಾರ್ ಮೀಟಿದರೆ ಬೆಂಕಿಪೊಟ್ಟಣದಲ್ಲಿ ಕೂಡಿಹಾಕಿದ ಜೀರುಂಡೆಯ ಸದ್ದು. ಬೈದುಕೊಂಡು ಮೂಲೆಗೆ ತಳ್ಳಿದೆ.

ಅದೇ ವಾರ ಗೆಳೆಯನೊಬ್ಬ ಹೌಂಡ್ ಡಾಗ್ ಟೇಲರ್ ಎಂಬ ಅಮೆರಿಕದ ಬ್ಲೂಸ್ ಗಿಟಾರ್ ವಾದಕನ ಮೊದಲ ಆಲ್ಬಮ್ ಹಾಕಿದ. 1971ರದ್ದು.

"ಇವನ ಆಂಪೂ ಹರಿದಿದೆಯೇನೋ?" ಅಂದೆ.

"ಸುಮ್ನೆ ಕೇಳೋ" ಅಂದ.

ಕೇಳಿದೆ. ಎರಡು ಗಿಟಾರ್, ಒಂದು ಡ್ರಮ್, ಅಷ್ಟೇ. ತಗ್ಗು ಸ್ವರದ ಬೇಸ್ ಗಿಟಾರ್ ಇಲ್ಲವೇ ಇಲ್ಲ; ಎರಡನೆಯ ಗಿಟಾರಿನ ಬ್ರೂವರ್ ಫಿಲಿಪ್ಸ್ ಆ ಕೆಲಸವನ್ನೂ ತನ್ನ ಮಾಮೂಲಿ ಗಿಟಾರಿನಲ್ಲೇ ಮುಗಿಸುತ್ತಾನೆ. ಟೇಲರ್‌ಗೆ ಎಡಗೈಯಲ್ಲಿ ಆರು ಬೆರಳು, ಕೈಯಲ್ಲಿ ಅಗ್ಗದ ಜಪಾನಿ ಗಿಟಾರ್, ಬೆರಳಿಗೆ ಸ್ಲೈಡ್, ಅಂದರೆ ತಂತಿಯ ಮೇಲೆ ಜಾರಿಸುವ ಕೊಳವೆ. ಷಿಕಾಗೋದ ಹೆಂಡದಂಗಡಿಗಳಲ್ಲಿ ಗಲಾಟೆಯ ಮೇಲೆ ಕೇಳಿಸಲೆಂದೇ ನುಡಿಸಿ ಪಳಗಿದ ಕೈ. ಇವನ ಹಾಡು ಹೊರತರಲೆಂದೇ ಬ್ರೂಸ್ ಇಗ್ಲಾವರ್ ಎಂಬ ಅಭಿಮಾನಿ ಅಲಿಗೇಟರ್ ರೆಕಾರ್ಡ್ಸ್ ಕಂಪನಿ ತೆರೆದನಂತೆ. ಮೂರನೆಯ ಹಾಡಿಗೆ ನನ್ನ ಕಾಲು ನನ್ನ ಮಾತು ಕೇಳುವುದನ್ನು ಬಿಟ್ಟಿತ್ತು.

ಮನೆಗೆ ಬಂದವನೇ ಆಂಪ್ ಎಳೆದು ವಾಲ್ಯೂಮ್ ಕೊನೆಯವರೆಗೂ ತಿರುಗಿಸಿದೆ. ಸ್ಲೈಡ್ ಹಾಕಿ ಒಂದೇ ತಂತಿಯ ಮೇಲೆ ಜಾರಿದೆ. ಎದೆಗೂಡು ನಡುಗಿತು. ಸ್ವರವೊಂದು ತನ್ನ ಗೆರೆ ದಾಟಿ, ಪಕ್ಕದ ನಾಲ್ಕು ಸ್ವರಗಳನ್ನೂ ಕೈಹಿಡಿದು ಎಳೆದುಕೊಂಡು ಬಂದ ಹಾಗೆ. ಲಿಂಕ್ ರೇ ಎಂಬ ಗಿಟಾರ್ ವಾದಕ 1950ರ ದಶಕದಲ್ಲಿ ಇಂಥ ದನಿಗಾಗಿಯೇ ಸ್ಪೀಕರಿಗೆ ಪೆನ್ಸಿಲ್ ಚುಚ್ಚಿದ್ದನೆಂದು ಓದಿದ್ದೆ. ಅವನದು ಉಪಾಯ, ನನ್ನದು ಎಡವಟ್ಟು. ಸ್ಪೀಕರಿಗೆ ಆ ಭೇದವೆಲ್ಲ ಗೊತ್ತಾಗುವುದಿಲ್ಲ.

ಮಗಳು ಬಾಗಿಲಲ್ಲಿ ಕಿವಿ ಮುಚ್ಚಿಕೊಂಡು ನಿಂತಿದ್ದಳು. "ಅಪ್ಪಾ, ಅದು ಕೆಟ್ಟಿದೆ!" ಅಂತ ಕೂಗಿದಳು. ಹೂಂ ಅಂದೆ.

ಗದ್ದಲವೆಲ್ಲ ಚೆಂದ ಅಂತಲ್ಲ. ಮಾರನೆಯ ದಿನ ರೆಕಾರ್ಡ್ ಮಾಡಿ ಕೇಳಿದಾಗ ನನ್ನದು ಬರೀ ಗೊರಗೊರ. ಟೇಲರ್ ಎಷ್ಟೇ ಒರಟಾಗಿ ನುಡಿಸಿದರೂ ಟೆಡ್ ಹಾರ್ವಿಯ ಡ್ರಮ್ ಕೆಳಗಿನಿಂದ ಹೆಗಲು ಕೊಟ್ಟಿರುತ್ತದೆ. ಆ ನಡೆ ನನ್ನಲ್ಲಿ ಇರಲಿಲ್ಲ. ಆಮೇಲೆ ಟಕ್ ಟಕ್ ಎಂದು ಲಯ ಹಿಡಿಸುವ ಮೆಟ್ರೊನೋಮ್ ಹಾಕಿಕೊಂಡು ಕೂತೆ. ಈಗಲೂ ಕೂರುತ್ತೇನೆ.

ಹೊಸ ಸ್ಪೀಕರ್ ತಂದು ಒಂದು ವಾರ ಹಾಕಿಯೂ ನೋಡಿದೆ. ಪ್ರತಿ ಸ್ವರವೂ ತೊಳೆದಿಟ್ಟ ಲೋಟದ ಹಾಗೆ ಬೇರೆಬೇರೆ. ತಪ್ಪಿದರೆ ತಪ್ಪು ಎದ್ದು ಕಾಣುತ್ತಿತ್ತು. ಹಳೆಯದರಲ್ಲಿ ಅದೇ ತಪ್ಪು ಬೇಕಂತಲೇ ಮಾಡಿದ ಹಾಗೆ ಕೇಳುತ್ತಿತ್ತು. ಬಿಚ್ಚಿ ಹಳೆಯದನ್ನೇ ಕೂರಿಸಿದೆ.

ಸೀಳು ಮಾತ್ರ ದಿನೇದಿನೇ ಉದ್ದವಾಗುತ್ತಿದೆ. ಇನ್ನು ಮುಂದೆ ಹರಿಯದಿರಲಿ ಅಂತ ತುದಿಗೆ ಒಂದು ಹನಿ ಅಂಟು ಹಚ್ಚಿದ್ದೇನೆ. ಮುಚ್ಚಿಲ್ಲ.