ಎಪಿಕ್ ಯೂನಿವರ್ಸ್ ಬಂದ ಮೇಲೆ ಒರ್ಲ್ಯಾಂಡೊ: ನಮ್ಮ ಎಂಟು ರಾತ್ರಿಗಳ ಲೆಕ್ಕಾಚಾರ

ಗಣೇಶನ ಹಬ್ಬಕ್ಕೆ ಕನ್ನಡ ಸಂಘದಲ್ಲಿ ಸೇರಿದ್ದಾಗ, ಪುಳಿಯೋಗರೆ ತಟ್ಟೆ ಹಿಡಿದುಕೊಂಡು ನಾಲ್ಕು ಜನ ನನಗೆ ಒಂದೇ ಪ್ರಶ್ನೆ ಕೇಳಿದರು. "ಯೂನಿವರ್ಸಲ್‌ನವರು ಹೊಸ ಪಾರ್ಕ್ ತೆರೆದಿದ್ದಾರಲ್ಲ, ಜನ ಎಲ್ಲ ಅಲ್ಲಿಗೇ ಹೋಗಿರ್ತಾರೆ. ಈಗ ಡಿಸ್ನಿ ಖಾಲಿ ಇರುತ್ತೆ, ಅಲ್ವಾ?"

ಇಲ್ಲ. ನಾವೂ ಹಾಗೇ ಅಂದುಕೊಂಡು ಹೋಗಿದ್ದೆವು. ಫ್ಲೋರಿಡಾದ ಒರ್ಲ್ಯಾಂಡೊ ಅಂದರೆ ಡಿಸ್ನಿ, ಯೂನಿವರ್ಸಲ್ ಎರಡೂ ಕಂಪನಿಗಳ ಮೋಜಿನ ಪಾರ್ಕುಗಳಿರುವ ಊರು; ಅವರು ಕೇಳಿದ ಹೊಸ ಪಾರ್ಕೇ ಎಪಿಕ್ ಯೂನಿವರ್ಸ್. 2025ರ ಆಗಸ್ಟ್ ಮೂರನೇ ವಾರ ಅಲ್ಲಿಗೆ ಹೋಗಿ ಬಂದದ್ದನ್ನು ಬಿಡಿಸಿ ಬರೆಯುತ್ತಿದ್ದೇನೆ. ನಮ್ಮ ಹಾಗೆ ಊರಿಂದ ಬಂದ ಹಿರಿಯರನ್ನೂ ಚಿಕ್ಕ ಮಕ್ಕಳನ್ನೂ ಕರೆದುಕೊಂಡು ಹೋಗುವವರಿಗೆ ಉಪಯೋಗಕ್ಕೆ ಬರಬಹುದು.

ಹೋದವರು ಐದು ಜನ. ನಾನು, ನಮ್ಮವರು, ಹನ್ನೊಂದು ವರ್ಷದ ಮಗಳು, ಇನ್ನೂ ಐದು ತುಂಬದ ಮಗ, ತಿಪಟೂರಿನಿಂದ ಬಂದಿದ್ದ ಅತ್ತೆ. ಅತ್ತೆಗೆ ಅರವತ್ತೇಳು, ಮಂಡಿ ನೋವು. ನಾವಿರುವ ಶಾರ್ಲಟ್‌ನಿಂದ (ನಾರ್ತ್ ಕೆರೊಲಿನಾ) ಕಾರಿನಲ್ಲೇ ಹೋದೆವು. ಎಂಟೂವರೆ ಗಂಟೆಯ ದಾರಿ ಅಂತ ಫೋನು ಹೇಳಿತು. ಹಿರಿಯರು, ಮಕ್ಕಳು ಇದ್ದರೆ ಹನ್ನೊಂದು ಅಂತಲೇ ಹಿಡಿಯಿರಿ.

2019ರಲ್ಲಿ ಹೋಗಿದ್ದಾಗ ಯೋಚನೆಯೇ ಇರಲಿಲ್ಲ. ಡಿಸ್ನಿಯಲ್ಲಿ ನಾಲ್ಕು ಪಾರ್ಕ್, ನಾಲ್ಕು ದಿನ. ಯೂನಿವರ್ಸಲ್ ಕಡೆ ಪುರುಸೊತ್ತಾದರೆ ಒಂದು ದಿನ. ನಮಗೆ ಗೊತ್ತಿರುವ ಎಲ್ಲ ಮನೆಯವರೂ ಹೀಗೇ ಮಾಡುತ್ತಿದ್ದರು. 2025ರ ಮೇ 22ಕ್ಕೆ ಎಪಿಕ್ ಯೂನಿವರ್ಸ್ ತೆರೆದ ಮೇಲೆ ಆ ಲೆಕ್ಕ ತಲೆಕೆಳಗಾಗಿದೆ. ಈಗ ಯೂನಿವರ್ಸಲ್ ಕಡೆ ಎರಡು ಹಳೇ ಪಾರ್ಕ್, ಒಂದು ನೀರಿನ ಪಾರ್ಕ್, ಜೊತೆಗೆ ಇದು. ಒಂದು ದಿನದಲ್ಲಿ ಮುಗಿಯುವ ಮಾತಲ್ಲ. ಕನಿಷ್ಠ ಮೂರು ದಿನ ಬೇಕು. ಆ ಮೂರು ದಿನವನ್ನು ಎಲ್ಲಿಂದ ತರುವುದು? ಡಿಸ್ನಿಯ ದಿನಗಳಿಂದಲೇ ಕತ್ತರಿಸಬೇಕು.

ನಾವು ಎಡವಿದ್ದು ಇಲ್ಲೇ. ಡಿಸ್ನಿಯ ನಾಲ್ಕು ದಿನವನ್ನು ಎರಡು ಮಾಡಿದರೆ ಅಲ್ಲಿನ ಖರ್ಚೂ ಅರ್ಧ ಆಗುತ್ತೆ ಅಂದುಕೊಂಡಿದ್ದೆ. ಆಗಲಿಲ್ಲ. ಎರಡೂ ಕಡೆ ಟಿಕೆಟ್ ಲೆಕ್ಕ ಒಂದೇ ಥರ. ಮೊದಲ ದಿನಗಳು ದುಬಾರಿ, ಆಮೇಲೆ ಸೇರಿಸಿಕೊಳ್ಳುವ ದಿನಗಳು ಅಗ್ಗ. ಅಂದರೆ ಡಿಸ್ನಿಯಲ್ಲಿ ನಾವು ಬಿಟ್ಟಿದ್ದು ಅಗ್ಗದ ದಿನಗಳನ್ನು, ಯೂನಿವರ್ಸಲ್‌ನಲ್ಲಿ ಹೊಸದಾಗಿ ಕೊಂಡಿದ್ದು ದುಬಾರಿ ದಿನಗಳನ್ನು. ಒಂದೇ ಪ್ರವಾಸದಲ್ಲಿ ಎರಡನ್ನೂ ನೋಡಬೇಕೆಂದರೆ ಎರಡೂ ಕಡೆಯ ದುಬಾರಿ ದಿನಗಳ ದುಡ್ಡು ಕೊಡುತ್ತೀರಿ. ಅದರ ಮೇಲೆ ಮಗಳಿಗೆ ಎರಡೂ ಕಡೆ ದೊಡ್ಡವರ ಟಿಕೆಟ್. ಹತ್ತು ತುಂಬಿದರೆ ದೊಡ್ಡವರೇ. ಮೂರು ತುಂಬದ ಮಗುವಿಗೆ ಎಲ್ಲೂ ಟಿಕೆಟ್ ಬೇಡ.

ಹಾಗಾಗಿ ನಾಲ್ಕೈದು ದಿನ ಮಾತ್ರ ಕೈಯಲ್ಲಿದ್ದರೆ ಯಾವುದಾದರೂ ಒಂದನ್ನೇ ಹಿಡಿಯಿರಿ. ಏಳೆಂಟು ದಿನ ಇದ್ದರೆ ಮಾತ್ರ ಎರಡಕ್ಕೂ ಕೈ ಹಾಕಿ. ಬೆಂಗಳೂರಿನಿಂದ ಬರುವ ನೆಂಟರಿಗೆ ಈ ಮಾತು ಒಪ್ಪಿಸುವುದು ಕಷ್ಟ. ಅಷ್ಟು ದೂರ ಬಂದು ಒಂದನ್ನು ಬಿಡುವುದಾ ಅಂತಾರೆ. ಅವರ ಸಂಕಟವೂ ನಿಜವೇ.

ಇನ್ನು ಎತ್ತರದ ವಿಷಯ. ನಮ್ಮ ಅಡುಗೆಮನೆ ಬಾಗಿಲಿನ ಚೌಕಟ್ಟಿನಲ್ಲಿ ಮಕ್ಕಳ ಎತ್ತರಕ್ಕೆ ಪೆನ್ಸಿಲ್ ಗೀಟುಗಳಿವೆ. ಫೆಬ್ರವರಿಯಲ್ಲಿ ಮಗನ ಗೀಟು 39 ಇಂಚಿಗೆ ಒಂದು ಬೆರಳು ಮೇಲಿತ್ತು. ಎಪಿಕ್‌ನ ಹೆಸರುವಾಸಿ ರೈಡುಗಳು ಬಹಳಷ್ಟಕ್ಕೆ 40 ಇಂಚು ಬೇಕು. ಹ್ಯಾರಿ ಪಾಟರ್ ಭಾಗದ ದೊಡ್ಡ ರೈಡ್, ಮಾರಿಯೋ ಕಾರ್ಟ್, ಗಣಿ ಬಂಡಿಯದು, ಎಲ್ಲಕ್ಕೂ ಅಷ್ಟೇ. ಸ್ಟಾರ್‌ಡಸ್ಟ್ ರೇಸರ್ಸ್ ಅನ್ನುವ ಜೋಡಿ ಹಳಿಯ ರೋಲರ್ ಕೋಸ್ಟರ್‌ಗೆ 48. ಡಿಸ್ನಿಯ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಹೀಗಿಲ್ಲ. ಅಲ್ಲಿ ಎತ್ತರದ ಗೊಡವೆಯೇ ಇಲ್ಲದ ರೈಡುಗಳು ಬೇಕಾದಷ್ಟಿವೆ. ನಿಮ್ಮ ಮನೆಯ ಚಿಕ್ಕ ಮಗು 40 ಇಂಚು ಮುಟ್ಟಿಲ್ಲ ಅಂದರೆ ಎಪಿಕ್ ಅನ್ನು ಒಂದು ವರ್ಷ ಮುಂದೂಡಿ ಅಂತಲೇ ನಾನು ಹೇಳುವುದು. ಪಾರ್ಕ್ ಎಲ್ಲಿಗೂ ಓಡಿಹೋಗಲ್ಲ.

ನಾವು ಮುಂದೂಡಲಿಲ್ಲ. ಹೊರಡುವ ಹಿಂದಿನ ದಿನ ಚೌಕಟ್ಟಿಗೆ ನಿಲ್ಲಿಸಿ ನೋಡಿದರೆ 40ಕ್ಕೆ ಕೂದಲೆಳೆ ಕಡಿಮೆ. ದಪ್ಪ ಅಟ್ಟೆಯ ಶೂ ಹಾಕಿಸಿಕೊಂಡು ಹೋದೆವು. ಮಾರಿಯೋ ಕಾರ್ಟ್ ಬಾಗಿಲಲ್ಲಿ ಆ ಹುಡುಗಿ ಅಳತೆ ಕೋಲು ತಂದಾಗ ಇವನು ಎನ್‌ಸಿಸಿ ಪರೇಡಿನಲ್ಲಿ ನಿಂತ ಹಾಗೆ ಎದೆ ಸೆಟೆಸಿ, ಉಸಿರು ಬಿಗಿಹಿಡಿದು ನಿಂತ. ಕೋಲು ತಲೆಗೆ ತಾಗಿತು. ಅವಳು ನಕ್ಕು ಒಳಗೆ ಬಿಟ್ಟಳು. ಹಿಂದೆ ನಿಂತಿದ್ದ ಯಾರೋ ಚಪ್ಪಾಳೆ ಹೊಡೆದರು. ಆದರೆ ಪ್ರತಿ ರೈಡಿನ ಬಾಗಿಲಲ್ಲೂ ಇದೇ ಪರೀಕ್ಷೆ, ಪ್ರತಿ ಸಲವೂ ನನ್ನ ಎದೆ ಡವಡವ. ಈ ಶೂ ನಂಬಿಕೊಂಡು ದುಡ್ಡು ಹಾಕಬೇಡಿ.

ಎಪಿಕ್ ಒಳಗೆ ಹೇಗಿದೆ ಅಂದರೆ, ತೊಟ್ಟಿಮನೆ ನೆನಪಿಸಿಕೊಳ್ಳಿ. ನಡುವೆ ಸೆಲೆಸ್ಟಿಯಲ್ ಪಾರ್ಕ್ ಅನ್ನುವ ದೊಡ್ಡ ಅಂಗಳ, ಕಾರಂಜಿ, ಹುಲ್ಲು. ಸುತ್ತ ನಾಲ್ಕು ಲೋಕ: ನಿಂಟೆಂಡೊ, ಹ್ಯಾರಿ ಪಾಟರ್, ಡ್ರ್ಯಾಗನ್‌ಗಳ ದ್ವೀಪ, ಭೂತಪ್ರೇತಗಳ ಡಾರ್ಕ್ ಯೂನಿವರ್ಸ್. ಒಂದು ಲೋಕದಿಂದ ಪಕ್ಕದ್ದಕ್ಕೆ ನೇರ ದಾರಿ ಇಲ್ಲ. ಪ್ರತಿ ಸಲ ಅಂಗಳಕ್ಕೆ ಬಂದು, ಇನ್ನೊಂದು ಬಾಗಿಲು ಹೊಗಬೇಕು. ನೋಡಲು ಚಂದ, ನಡೆಯಲು ಜಾಸ್ತಿ. ಗಿಡಗಳು ಇನ್ನೂ ಎಳೆಯವು, ಆಗಸ್ಟ್ ಬಿಸಿಲಿಗೆ ನೆರಳು ಸಾಲದು. ಹಾಗಾಗಿ ಒಂದು ಲೋಕಕ್ಕೆ ಹೋದರೆ ಅಲ್ಲಿನದನ್ನೆಲ್ಲ ಮುಗಿಸಿಯೇ ಹೊರಗೆ ಬನ್ನಿ. ಇಲ್ಲೊಂದು ಅಲ್ಲೊಂದು ಅಂತ ಓಡಾಡಿದರೆ ಮಧ್ಯಾಹ್ನಕ್ಕೆ ಕಾಲು ಹೋಗುತ್ತೆ.

ಅತ್ತೆಗೆ ಗಾಲಿಕುರ್ಚಿ ಬಾಡಿಗೆಗೆ ತೆಗೆದುಕೊಳ್ಳೋಣ ಅಂದರೆ, "ನಾನೇನು ಆಸ್ಪತ್ರೆಗೆ ಬಂದಿದ್ದೀನಾ?" ಅಂದರು. ಹನ್ನೊಂದು ಗಂಟೆ ಹೊತ್ತಿಗೆ ತಾವೇ, "ಆ ಕುರ್ಚಿ ಎಲ್ಲಿ ಸಿಗುತ್ತೆ ನೋಡಪ್ಪ" ಅಂತ ನಮ್ಮವರಿಗೆ ಹೇಳಿದರು. ಬೆಳಗ್ಗೆ ಒಳಗೆ ಹೋಗುವಾಗಲೇ ತೆಗೆದುಕೊಳ್ಳಿ, ಆಮೇಲೆ ಸಿಗುತ್ತೋ ಇಲ್ಲವೋ. ಅವರಿಗೆ ತುಂಬಾ ಹಿಡಿಸಿದ್ದು ಡ್ರ್ಯಾಗನ್ ದ್ವೀಪದ ರಂಗಮಂದಿರದ ಆಟ. ತಣ್ಣಗೆ ಕೂತು ನೋಡುವಂಥದ್ದು, ಕೊನೆಗೆ ದೊಡ್ಡ ಡ್ರ್ಯಾಗನ್ ತಲೆಯ ಮೇಲೆ ರೆಕ್ಕೆ ಬಿಚ್ಚಿ ಹಾರುತ್ತೆ. ಭಾಷೆ ಗೊತ್ತಿರಬೇಕಿಲ್ಲ. ಮಧ್ಯಾಹ್ನ ಒಂದರಿಂದ ಮೂರರ ಬಿಸಿಲಿಗೆ ಹಿರಿಯರನ್ನು ಇಂಥ ಆಟಗಳಿಗೇ ಕೂರಿಸಿ.

ಬಟರ್‌ಬಿಯರ್‌ನಲ್ಲಿ ಬಿಯರ್ ಇಲ್ಲ. ಇದನ್ನು ಅತ್ತೆಗೆ ನಂಬಿಸುವಷ್ಟರಲ್ಲಿ ಅದರ ನೊರೆ ಇಳಿದುಹೋಗಿತ್ತು.

ಮಳೆ ಬಗ್ಗೆ ಹೇಳಲೇಬೇಕು. ಬೇಸಿಗೆಯ ಫ್ಲೋರಿಡಾದಲ್ಲಿ ಮಧ್ಯಾಹ್ನ ಗುಡುಗು ಮಳೆ ಸಾಮಾನ್ಯ. ಸಿಡಿಲಿನ ಸೂಚನೆ ಬಂದರೆ ಹೊರಗಿನ ರೈಡುಗಳನ್ನು ನಿಲ್ಲಿಸುತ್ತಾರೆ. ಅದು ಸರಿಯೇ. ನಿಲ್ಲಿಸಿದ ತಕ್ಷಣ ಎಲ್ಲರೂ ಒಳಗಿನ ರೈಡುಗಳಿಗೆ ನುಗ್ಗುತ್ತಾರೆ. ಹ್ಯಾರಿ ಪಾಟರ್ ರೈಡಿನ ಸಾಲು ಮಾಮೂಲಿ ದಿನವೇ ಎರಡು ಗಂಟೆ ದಾಟುವುದುಂಟು. ಆದ್ದರಿಂದ ಬೆಳಗ್ಗೆ ಬಯಲಿನವು, ಮಳೆ ಬರುವ ಹೊತ್ತಿಗೆ ಒಳಗಿನ ಸಾಲಿನಲ್ಲಿ ನಿಂತಿರುವ ಹಾಗೆ ನೋಡಿಕೊಳ್ಳಿ. ನಮ್ಮ ಅದೃಷ್ಟಕ್ಕೆ ಸ್ಟಾರ್‌ಡಸ್ಟ್ ಬೆಳಗ್ಗೆಯೇ ಮುಗಿದಿತ್ತು. ಗಂಟೆಗೆ 100 ಕಿಲೋಮೀಟರ್ ಹತ್ತಿರದ ವೇಗ. ಇಳಿದ ಮೇಲೆ ನಮ್ಮವರು ಐದು ನಿಮಿಷ ಮಾತಾಡಲಿಲ್ಲ. ಮಗಳು ಮಾತ್ರ, "ಇನ್ನೊಂದ್ಸಲ?" ಅಂದಳು.

ಎತ್ತರ ಸಾಲದ ಮಗು ಇದ್ದರೆ ಅಪ್ಪ ಅಮ್ಮ ಸರದಿಯ ಮೇಲೆ ಹೋಗಬಹುದು. ಯೂನಿವರ್ಸಲ್‌ನಲ್ಲಿ ಇದಕ್ಕೆ ಚೈಲ್ಡ್ ಸ್ವಾಪ್ ಅಂತಾರೆ. ಎಲ್ಲರೂ ಒಟ್ಟಿಗೆ ಸಾಲಿನಲ್ಲಿ ನಿಂತು, ಕೊನೆಗೆ ಒಂದು ಕೋಣೆಯಲ್ಲಿ ಮಗು ಬದಲಾಯಿಸಿಕೊಳ್ಳುವುದು. ಡಿಸ್ನಿಯಲ್ಲಿ ರೈಡರ್ ಸ್ವಿಚ್. ಅಲ್ಲಿ ಮಗು ಜೊತೆ ಇರುವವರು ಸಾಲಿನಲ್ಲಿ ನಿಲ್ಲಬೇಕಿಲ್ಲ, ಆಮೇಲೆ ಬೇಗ ಒಳಗೆ ಬಿಡುತ್ತಾರೆ. ಚಿಕ್ಕ ಮಗು ಇರುವವರಿಗೆ ಡಿಸ್ನಿಯ ಪದ್ಧತಿಯೇ ಸಲೀಸು.

ಎಪಿಕ್ ಪಕ್ಕದಲ್ಲೇ ಇರುವ ಟೆರ್ರಾ ಲೂನಾ ಹೋಟೆಲಿನಲ್ಲಿ ಮೊದಲ ರಾತ್ರಿಗಳನ್ನು ಕಳೆದೆವು. ನಾವು ಹೋದಾಗ ಯೂನಿವರ್ಸಲ್‌ನ ಹೋಟೆಲುಗಳಲ್ಲಿ ಉಳಿದವರನ್ನು ಒಂದು ಗಂಟೆ ಮುಂಚೆ ಒಳಗೆ ಬಿಡುತ್ತಿದ್ದರು. ಆ ಒಂದು ಗಂಟೆಯಲ್ಲಿ ನಾವು ಮಾಡಿದ್ದನ್ನು ಮಧ್ಯಾಹ್ನ ಮಾಡಲು ಮೂರು ಗಂಟೆ ಬೇಕಾಗುತ್ತಿತ್ತು. ಇನ್ನೊಂದು ಎಚ್ಚರಿಕೆ. ಯೂನಿವರ್ಸಲ್‌ನ ಮೂರು ದುಬಾರಿ ಹೋಟೆಲುಗಳಲ್ಲಿ ಉಳಿದರೆ ಉದ್ದ ಸಾಲು ತಪ್ಪಿಸುವ ಎಕ್ಸ್‌ಪ್ರೆಸ್ ಪಾಸ್ ಪುಕ್ಕಟೆ ಸಿಗುತ್ತೆ ಅಂತ ಹಳಬರು ಹೇಳುತ್ತಾರೆ. ಸಿಗುವುದು ನಿಜ, ಆದರೆ ಅದು ಎರಡು ಹಳೇ ಪಾರ್ಕುಗಳಿಗೆ ಮಾತ್ರ. ಎಪಿಕ್‌ನಲ್ಲಿ ನಡೆಯಲ್ಲ. ಅದಕ್ಕೆ ಬೇರೆ ಪಾಸ್, ಬೇರೆ ದುಡ್ಡು.

ನಾವು ತೆಗೆದುಕೊಂಡ ಮೂರು ದಿನದ ಟಿಕೆಟ್‌ನಲ್ಲಿ ಎಪಿಕ್‌ಗೆ ಒಂದೇ ದಿನ, ಉಳಿದೆರಡು ದಿನ ಹಳೇ ಪಾರ್ಕುಗಳಿಗೆ. ಇದನ್ನು ಸರಿಯಾಗಿ ಓದದೆ, ಮಳೆ ಬಂದರೆ ಮಾರನೇ ದಿನ ಮತ್ತೆ ಬರೋಣ ಅಂತ ಮಗಳಿಗೆ ಮಾತು ಕೊಟ್ಟಿದ್ದೆ. ತಪ್ಪು ನನ್ನದೇ. ಟಿಕೆಟ್ ಬಗೆಗಳು ಬದಲಾಗುತ್ತಲೇ ಇರುತ್ತವೆ, ಕೊಳ್ಳುವ ದಿನ ಒಂದೊಂದು ಸಾಲನ್ನೂ ಓದಿ. ಹಳೇ ಪಾರ್ಕುಗಳ ನಡುವೆ ಓಡುವ ಹಾಗ್ವರ್ಟ್ಸ್ ರೈಲು ಹತ್ತಬೇಕಾದರೆ ಎರಡೂ ಪಾರ್ಕಿಗೆ ಒಂದೇ ದಿನ ಹೋಗಿಬರುವ ಟಿಕೆಟ್ ಇರಲೇಬೇಕು. ಹ್ಯಾರಿ ಪಾಟರ್ ಹುಚ್ಚಿನ ಮಕ್ಕಳಿದ್ದರೆ ಅಲ್ಲಿ ಜುಗ್ಗತನ ಮಾಡಬೇಡಿ.

ನಡುವೆ ಒಂದು ದಿನ ಬಿಡುವು. ಡಿಸ್ನಿ ಹತ್ತಿರ ಅಡುಗೆಮನೆ ಇರುವ ಬಾಡಿಗೆ ಮನೆಗೆ ಬಂದೆವು. ಅಲ್ಲಿ ಫ್ರಿಜ್ಜು ಕೈಕೊಟ್ಟಿತು. ಊರಿಂದ ಐಸ್ ಡಬ್ಬಿಯಲ್ಲಿ ತಂದಿದ್ದ ಮೊಸರು ಹುಳಿಯಾಗಿ, ಅತ್ತೆ ಅದಕ್ಕೇ ಕಡಲೆಹಿಟ್ಟು ಕದಡಿ ಮಜ್ಜಿಗೆ ಹುಳಿ ಮಾಡಿದರು. ಪ್ರವಾಸದ ಒಳ್ಳೇ ಊಟ ಅದೇ ಇರಬಹುದು.

ಈಗ ಮ್ಯಾಜಿಕ್ ಕಿಂಗ್‌ಡಮ್. ಖಾಲಿ ಇರಲಿಲ್ಲ. ಏಳು ಕುಳ್ಳರ ಗಣಿ ರೈಲಿಗೆ ಬೆಳಗ್ಗೆ 25 ನಿಮಿಷ ತೋರಿಸಿದ್ದು ಮಧ್ಯಾಹ್ನ 70ಕ್ಕೆ ಏರಿತ್ತು. ಏಳೆಂಟು ದಿನಕ್ಕೆ ಬಂದವರು ಎರಡೂ ಕಡೆ ಹೋಗುತ್ತಾರೆ ಅಂತ ಕಾಣುತ್ತೆ, ನಮ್ಮ ಹಾಗೇ. ಸ್ವಲ್ಪ ಸಲೀಸಾಗಿದ್ದರೆ ಅದು ಆಗಸ್ಟ್ ಮಧ್ಯದ ಪುಣ್ಯ. ಫ್ಲೋರಿಡಾ, ಜಾರ್ಜಿಯಾದ ಶಾಲೆಗಳು ಅಷ್ಟು ಹೊತ್ತಿಗೆ ಶುರುವಾಗಿರುತ್ತವೆ. ಜನ ಕಡಿಮೆ ಬೇಕೆಂದರೆ ಎದುರಿನ ಪಾರ್ಕ್ ನೋಡಬೇಡಿ, ಶಾಲೆಯ ಕ್ಯಾಲೆಂಡರ್ ನೋಡಿ.

ಹೊಸ ಪಾರ್ಕಿನ ಪೈಪೋಟಿ ಡಿಸ್ನಿಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬೇರೆ ಥರ: ಬೇಲಿಗಳು. 2010ರಲ್ಲಿ ಯೂನಿವರ್ಸಲ್ ಹ್ಯಾರಿ ಪಾಟರ್ ಭಾಗ ತೆರೆದಾಗ ಡಿಸ್ನಿ ಸುಮ್ಮನೆ ಕೂರಲಿಲ್ಲ. 2017ಕ್ಕೆ ಅವತಾರ್ ಲೋಕ, 2019ಕ್ಕೆ ಸ್ಟಾರ್ ವಾರ್ಸ್ ಲೋಕ ಬಂದವು. ಈಗ ಮತ್ತೆ ಕಟ್ಟುತ್ತಿದ್ದಾರೆ. ಕಟ್ಟುವಾಗ ಹಳೇದು ಮುಚ್ಚಬೇಕಲ್ಲ. ಮ್ಯಾಜಿಕ್ ಕಿಂಗ್‌ಡಮ್‌ನ ನದಿ, ಅದರಲ್ಲಿ ಓಡುತ್ತಿದ್ದ ಹಡಗು, ನಡುವಿನ ದ್ವೀಪ, ಎಲ್ಲ 2025ರ ಜುಲೈ 6ಕ್ಕೆ ಮುಗಿದವು. ಅಲ್ಲಿ ಕಾರ್ಸ್ ಸಿನಿಮಾದ ಲೋಕ, ಹಿಂದೆ ಖಳನಾಯಕರ ಲೋಕ ಬರುತ್ತವಂತೆ. ಬಿಗ್ ಥಂಡರ್ ಕೋಸ್ಟರ್ ವರ್ಷದ ಮೊದಲಿಂದ ದುರಸ್ತಿಯಲ್ಲಿತ್ತು, ಬಜ್ ಲೈಟ್‌ಇಯರ್ ರೈಡು ಆಗಸ್ಟ್ ಮೊದಲಲ್ಲಿ ಮುಚ್ಚಿತ್ತು. 2019ರಲ್ಲಿ ಆ ಹಡಗಿನಲ್ಲಿ ಕೂತಿದ್ದ ಮಗಳು ಬೇಲಿಯ ಮುಂದೆ ನಿಂತು, "ಇಲ್ಲೇ ಅಲ್ವಾ ಅಮ್ಮ?" ಅಂದಳು. ಟಿಕೆಟ್ ಕೊಳ್ಳುವ ಮುಂಚೆ ಏನೇನು ಮುಚ್ಚಿದೆ ಅನ್ನುವ ಪಟ್ಟಿ ನೋಡಿ, ಮಕ್ಕಳಿಗೆ ಮೊದಲೇ ಹೇಳಿಬಿಡಿ. ಜುಲೈನಲ್ಲಿ ಶುರುವಾದ ರಾತ್ರಿಯ ದೀಪದ ಮೆರವಣಿಗೆ ಮಾತ್ರ ತಪ್ಪಿಸಬೇಡಿ. ಅತ್ತೆ ಅದನ್ನು ನೋಡಿ, "ನಮ್ಮ ದಸರಾ ಆನೆ ಒಂದಿಲ್ಲ ಅಷ್ಟೇ" ಅಂದರು.

ಕೊನೆಯ ದಿನ ಅನಿಮಲ್ ಕಿಂಗ್‌ಡಮ್. ಬೆಳಗ್ಗೆ ಮೊದಲು ಸಫಾರಿ ಲಾರಿ, ಆಗ ಪ್ರಾಣಿಗಳು ಎದ್ದಿರುತ್ತವೆ. ಸಂಜೆ ಪಕ್ಕದ ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಸಾನಾ ಹೋಟೆಲು. ಅದಕ್ಕೆ ಪಾರ್ಕಿನ ಟಿಕೆಟ್ ಬೇಡ, 60 ದಿನ ಮುಂಚೆಯೇ ಜಾಗ ಕಾದಿರಿಸಬಹುದು. ನಾನ್, ಥರಾವರಿ ಚಟ್ನಿಗಳು, ಕಿಟಕಿಯಾಚೆ ಜಿರಾಫೆ. ವಾರವೆಲ್ಲ ಚೀಸ್ ಪಿಜ್ಜಾ ತಿಂದು ಬೇಸತ್ತ ಸಸ್ಯಾಹಾರಿಗಳಿಗೆ ಇದು ಸ್ವರ್ಗ. ಡಿಸ್ನಿ ಪಾರ್ಕುಗಳಿಗೆ ಮನೆಯ ತಿಂಡಿ ಒಯ್ಯಬಹುದು, ಗಾಜಿನ ಡಬ್ಬಿ ಮಾತ್ರ ಬೇಡ. ನಾವು ಚಪಾತಿ ಸುರುಳಿ, ಚಟ್ನಿಪುಡಿ ಒಯ್ದಿದ್ದೆವು. ಎರಡೂ ಕಡೆ ತಿಂಡಿ ಕೌಂಟರುಗಳಲ್ಲಿ ಕೇಳಿದರೆ ಒಂದು ಲೋಟ ತಣ್ಣೀರು ಪುಕ್ಕಟೆ ಕೊಡುತ್ತಾರೆ. ಬಾಟಲಿ ನೀರಿಗೆ ದುಡ್ಡು ಸುರಿಯಬೇಡಿ.

ಡಿಸ್ನಿಯ ಉಳಿದೆರಡು ಪಾರ್ಕ್, ಎಪ್‌ಕಾಟ್, ಹಾಲಿವುಡ್ ಸ್ಟುಡಿಯೋಸ್ ಬಿಟ್ಟೆವು. ಮತ್ತೆ ಹೋಗುವುದಾದರೆ ನಾನು ಡಿಸ್ನಿ, ಯೂನಿವರ್ಸಲ್ ಎರಡನ್ನೂ ಬೆರೆಸಲ್ಲ. ಒಂದು ವರ್ಷ ಅದು, ಇನ್ನೊಂದು ವರ್ಷ ಇದು. ನಮ್ಮವರು ಮಾತ್ರ ಎಪಿಕ್‌ಗೆ ಮಾತ್ರ ಮೂರು ದಿನ ಹೋಗಿಬರೋಣ ಅಂತಾರೆ.

ಅದು ಯಾವಾಗ ಅನ್ನುವುದು ಬಾಗಿಲ ಚೌಕಟ್ಟಿಗೆ ಬಿಟ್ಟದ್ದು. ಮನೆಗೆ ಬಂದ ರಾತ್ರಿಯೇ ಮಗ ಶೂ ಬಿಚ್ಚಿ ಅಲ್ಲಿ ನಿಂತು ಅಳೆಸಿಕೊಂಡ. ಸ್ಟಾರ್‌ಡಸ್ಟ್‌ಗೆ ಇನ್ನೂ ಎಂಟು ಇಂಚು ಬೇಕು ಅಂದೆ. "ಶೂ ಹಾಕ್ಕೊಂಡ್ರೆ?" ಅಂತ ಕೇಳಿದ.